ಬಸುರಿ ಮನೆಯ ನಾಲ್ಕು ತೂತು

"ಉಂಗ್ ಅಕ್ಕಾ, ನನ್ನ ಮನೇಲಿ ಘೋರ ನಡೆದುಹೋಗಿದೆ!" ಎಂದು ಪಕ್ಕದ ಮನೆಯ ಕಿಮ್-ಚೂ ಬಾಗಿಲು ಬಡಿದಾಗ ಬೋ-ಯೆನ್ ಮೀನಿನ ಗಂಜಿಯ ಮೊದಲ ಚಮಚ ಬಾಯಿಗಿಟ್ಟಿದ್ದನಷ್ಟೆ. ತೈವಾನಿನ ತೈನಾನ್ ಊರಿನ ಆ ಓಣಿಯಲ್ಲಿ ಅವನಿಗೆ ಒಂದು ದಿನವೂ ಬಿಸಿ ಗಂಜಿ ಕುಡಿಯುವ ಯೋಗ ಇರಲಿಲ್ಲ. ಅವನಿದ್ದ ಮನೆಯ ಒಡತಿ ಉಂಗ್ ಲೀ-ಹ್ವಾ ವಿಮಾ ಕಂಪನಿಯಲ್ಲಿ ನಷ್ಟ ತನಿಖೆ ಮಾಡಿ ನಿವೃತ್ತಳಾದವಳು. ಓಣಿಯಲ್ಲಿ ಏನೇ ಕಳೆದರೂ ಮುರಿದರೂ ಜನ ಬರುತ್ತಿದ್ದುದು ಅವಳ ಬಳಿಗೆ. ಬಾಡಿಗೆಗಿದ್ದ ತಪ್ಪಿಗೆ ಅವಳ ಕೈಚೀಲ ಹೊರುವ ಕೆಲಸ ಬೋ-ಯೆನ್‌ಗೆ ಅಂಟಿಕೊಂಡಿತ್ತು.

"ಯಾರು ಹೋದ್ರು?" ಎಂದು ಅವನು ಗಾಬರಿಯಿಂದ ಕೇಳಿದ.

"ಯಾರೂ ಹೋಗಿಲ್ಲ. ಗೋಡೆಗೆ ತೂತು ಕೊರೆದಿದ್ದಾರೆ!"

ಬೋ-ಯೆನ್ ಹಣೆ ಚಚ್ಚಿಕೊಂಡ. ಲೀ-ಹ್ವಾ ಮಾತ್ರ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. ಕಿಮ್-ಚೂಳ ಹಿರಿಸೊಸೆ ಸು-ಯುವೆ ತುಂಬು ಬಸುರಿ. ಬಸುರಿ ಇರುವ ಮನೆಯಲ್ಲಿ ಯಾರೂ ಮೊಳೆ ಹೊಡೆಯುವುದಿಲ್ಲ, ಮಂಚ ಸರಿಸುವುದಿಲ್ಲ. ಕೂಸನ್ನು ಕಾಯುವ ಗರ್ಭದೇವರು ದಿನಕ್ಕೊಂದು ಕಡೆ, ಗೋಡೆಯಲ್ಲೋ ಮಂಚದಲ್ಲೋ ನೆಲೆಸಿರುತ್ತಾನೆ; ಅವನಿಗೆ ಪೆಟ್ಟಾದರೆ ಆ ಪೆಟ್ಟು ಕೂಸಿಗೆ ತಟ್ಟುತ್ತದೆ. ಕಿಮ್-ಚೂ ಅಂತೂ ತಿಂಗಳುಗಳಿಂದ ಮನೆಯಲ್ಲಿ ಸುತ್ತಿಗೆಯೇ ಕಾಣದಂತೆ ಬಚ್ಚಿಟ್ಟಿದ್ದಳು.

ತೂತುಗಳಿದ್ದದ್ದು ಮಹಡಿ ಮೆಟ್ಟಿಲ ಪಕ್ಕದ ಹಳೆಯ ಇಟ್ಟಿಗೆ ಗೋಡೆಯಲ್ಲಿ. ಕೆಳಗೊಂದು ಜೋಡಿ, ನಡುವೆ ಒಂದು ಜೋಡಿ, ಒಟ್ಟು ನಾಲ್ಕು. ಒಂದೊಂದರೊಳಗೂ ಸ್ಕ್ರೂ ಕಚ್ಚಿ ಹಿಡಿಯುವ ಉದ್ದನೆಯ ಟೊಳ್ಳು ಪ್ಲಾಸ್ಟಿಕ್ ಪ್ಲಗ್ಗು ಗೋಡೆಯ ಮಟ್ಟಕ್ಕೆ ಸರಿಯಾಗಿ ಕೂತಿತ್ತು.

"ಬೆಳಿಗ್ಗೆ ಇವರ ಜೊತೆ ದೇವಸ್ಥಾನಕ್ಕೆ ಹೋಗಿದ್ದೆ," ಎಂದಳು ಕಿಮ್-ಚೂ. ಅವಳ ಗಂಡ ಖೂ ದೊಡ್ಡ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ತಲೆಯಾಡಿಸಿದ. "ವಾಪಸ್ ಬಂದು ಮೆಟ್ಟಿಲು ಹತ್ತುತಿದ್ದೆ, ಕೈಗೇ ಸಿಕ್ತು ತೂತು. ಮನೇಲಿ ಇದ್ದದ್ದು ಇವನೊಬ್ಬ. ಸೊಸೆ ಪಾಪ ಮಲಗಿದ್ಲು. ಈಗ ದೊಡ್ಡ ಮಗ ಕೆಲಸದಿಂದ ಬಂದು ಅವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದಾನೆ. ಅವಳು ಬರೋದ್ರೊಳಗೆ ಇವನು ಈ ಮನೆಯಿಂದ ಆಚೆ ಹೋಗಿರ್ಬೇಕು!"

ಇವನು ಎಂದರೆ ಕಿರಿಮಗ ಕಾಯ್-ಚೆಂಗ್. ಕೆಲಸ ಕಳೆದುಕೊಂಡು ಮನೆ ಸೇರಿದ್ದ. ಹೋಗಲು ಬೇರೆ ನೆಲೆಯಿಲ್ಲ. ಅವನ ಬಟ್ಟೆಬರೆ ಆಗಲೇ ಗಂಟು ಕಟ್ಟಿ ಬಾಗಿಲಲ್ಲಿತ್ತು.

"ನೀನೇನಪ್ಪಾ ಕೊರೆದದ್ದು?" ಎಂದು ಲೀ-ಹ್ವಾ ಕೇಳಿದಳು.

"ಅಮ್ಮ ಹೇಳಿದ್ಮೇಲೆ ನಾನೇ ಇರ್ಬೇಕು."

"ಹೌದೋ ಅಲ್ವೋ ಬೊಗಳೋ!" ಎಂದು ತಾಯಿ ಕಿರುಚಿದಳು. ಅವನು ಗೋಡೆ ನೋಡುತ್ತಾ ನಿಂತ. ಬೋ-ಯೆನ್‌ಗೆ ಅವನ ಭುಜ ಹಿಡಿದು ಅಲುಗಾಡಿಸಬೇಕು ಅನಿಸಿತು.

ಲೀ-ಹ್ವಾ ದೇವರ ಮುಂದಿನಿಂದ ಊದುಬತ್ತಿ ತರಿಸಿ ಒಂದೊಂದು ತೂತಿಗೂ ಒಂದೊಂದು ಸಿಕ್ಕಿಸಿದಳು. ನಾಲ್ಕೂ ಒಂದೇ ಕಡೆಗೆ ವಾಲಿ ನಿಂತವು. ಆಮೇಲೆ ಗೋಡೆಗೆ ಮೂಗು ತಾಗಿಸಿ, ತೂತುಗಳ ಕೆಳಗೆ ಟೇಪು ಅಂಟಿಸಿ ಕಿತ್ತ ಗೆರೆಗಳನ್ನು ತೋರಿಸಿದಳು. ತೂತುಗಳ ಎತ್ತರದಲ್ಲೇ ಗೋಡೆಯುದ್ದಕ್ಕೂ ಮಾಸಿದ ಪಟ್ಟೆಯೊಂದು ಮೆಟ್ಟಿಲ ಜೊತೆ ಮೇಲೇರಿತ್ತು. ಅದನ್ನೂ ಬೆರಳಿನಿಂದ ಸವರಿ ನೋಡಿದಳು.

ಮುಂದೆ ಕಾಯ್-ಚೆಂಗನ ಕೋಣೆ. ಅಲ್ಲಿ ಅವನು ಹಿಂದಿನ ವರ್ಷ ಹಾಕಿದ ಕಪಾಟೊಂದು ತೂಗಾಡುತ್ತಿತ್ತು. ಲೀ-ಹ್ವಾ ಎರಡು ಬೆರಳಲ್ಲಿ ಎಳೆದದ್ದೇ ಸ್ಕ್ರೂ, ಪ್ಲಗ್ಗು, ಒಂದು ಹಿಡಿ ಗಾರೆ ಎಲ್ಲವೂ ಒಟ್ಟಿಗೆ ಕೈಗೆ ಬಂದವು.

"ಅಯ್ಯೋ, ನನ್ನ ಕಪಾಟು!"

"ಇದು ಕಪಾಟಲ್ಲ ಮಾರಾಯ, ಅಪಾಯ," ಎಂದವಳೇ ತಾರಸಿಗೆ ಹೊರಟಳು. ಅಲ್ಲಿ ಬಟ್ಟೆ ಒಣಗಿಸುವ ಬಿದಿರಿನ ಕೋಲುಗಳನ್ನು ಒಂದೊಂದಾಗಿ ಎಣಿಸತೊಡಗಿದಳು. ಕೈಚೀಲ ಹೊತ್ತು ಏದುಸಿರು ಬಿಡುತ್ತಿದ್ದ ಬೋ-ಯೆನ್‌ಗೆ ತಲೆ ಚಿಟ್ಟು ಹಿಡಿಯಿತು.

"ಸು-ಯುವೆ ಕೆಲಸ ಎಲ್ಲಿ ಮಾಡೋದು?" ಎಂದು ಲೀ-ಹ್ವಾ ಅವನನ್ನು ಕೇಳಿದಳು.

"ಸ್ನಾನದಮನೆ ಸಾಮಾನಿನ ಅಂಗಡೀಲಿ. ಅದಕ್ಕೂ ತೂತಿಗೂ ಏನಕ್ಕಾ ಸಂಬಂಧ?" ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಯಾವತ್ತು ನಿಂತು ಕೇಳಿದ್ದಳು?

ಸಂಜೆ ಸು-ಯುವೆ ಗಂಡನ ಜೊತೆ ಮನೆಗೆ ಬಂದು ಬಾಗಿಲಲ್ಲಿದ್ದ ಗಂಟು ನೋಡಿ ದಂಗಾದಳು. ಅವಳು ಬಾಯಿ ತೆರೆಯುವ ಮೊದಲೇ ಲೀ-ಹ್ವಾ ಎಲ್ಲರನ್ನೂ ಮೆಟ್ಟಿಲ ಬುಡದಲ್ಲಿ ಕೂರಿಸಿದಳು.

"ಕಾಯ್-ಚೆಂಗ್ ಕೊರೆದದ್ದಲ್ಲ," ಎಂದು ಶುರುಮಾಡಿದಳು. "ಅವನ ಕೋಣೇಲಿ ಎರಡು ಇಟ್ಟಿಗೆ ನಡುವಿನ ಸಂದಿಗೇ ತೂತು ಹಾಕಿದ್ದಾನೆ. ಸಂದಿಯ ಗಾರೆ ಪುಡಿಯಾಗತ್ತೆ, ಪ್ಲಗ್ಗು ಕಚ್ಚಲ್ಲ. ಇಲ್ಲಿ ನಾಲ್ಕೂ ತೂತು ಇಟ್ಟಿಗೆಯ ನಟ್ಟನಡುವೆ ಇವೆ. ಮೇಲೆ ಗಿಲಾವು ಬಳಿದಿರೋ ಗೋಡೇಲಿ ಇಟ್ಟಿಗೆ ಎಲ್ಲಿದೆ ಅಂತ ಲೆಕ್ಕ ಹಾಕಿ ಕೊರೆದಿದ್ದಾರೆ. ಟೇಪನ್ನ ಜೇಬಿನ ಥರ ಮಡಚಿ ಅಂಟಿಸಿ ಕೆಂಪುಪುಡಿ ಕೆಳಗೆ ಬೀಳದ ಹಾಗೆ ಹಿಡಿದಿದ್ದಾರೆ. ತಾನು ಕುಡಿದ ಲೋಟ ಎತ್ತಿಡದ ಇವನು ಅಷ್ಟೆಲ್ಲ ಮಾಡ್ತಾನಾ?"

"ಇಲ್ಲ," ಎಂದು ಮನೆಯವರೆಲ್ಲ ಒಟ್ಟಿಗೆ ಹೇಳಿದರು.

"ಪ್ಲಗ್ಗು ನೋಡಿ, ಉದ್ದದ್ದು. ಪಟ ತೂಗುಹಾಕೋಕೆ ಗಿಡ್ಡದ್ದು ಸಾಕು. ಇದು ಮನುಷ್ಯರ ಭಾರ ತಡೆಯೋ ಅಂಥದ್ದು. ಇನ್ನು ಊದುಬತ್ತಿ. ಕೊರೆಯೋರು ಗೋಡೆಗೆ ಎದುರಾಗಿ ನಿಂತು ಮೆಷಿನ್ ಹಿಂದೆ ಎದೆ ಕೊಟ್ಟು ಒತ್ತಿದ್ರೆ ತೂತು ನೇರ ಹೋಗತ್ತೆ. ಇವೆಲ್ಲ ವಾಲಿವೆ. ಅಂದ್ರೆ ಪಕ್ಕಕ್ಕೆ ತಿರುಗಿ, ಕೈ ಚಾಚಿ ಕೊರೆದದ್ದು. ಹತ್ತಿರ ಹೋಗೋಕೆ ಏನೋ ಅಡ್ಡ ಇತ್ತು."

"ಹೊಟ್ಟೆ!" ಬೋ-ಯೆನ್ ಹಾರಿ ಎದ್ದು ಖೂ ಕಡೆ ಬೆರಳು ಮಾಡಿದ. "ಖೂ ಅಣ್ಣನ ಹೊಟ್ಟೆ!"

"ಬೆಳಗಿಂದ ಅವರು ನನ್ನ ಸ್ಕೂಟರ್ ಹಿಂದೆ ಕೂತು ಬಾವೊ ಕಡುಬು ತಿಂತಿದ್ರು ಕಣೋ, ತಲೆಹರಟೆ!" ಎಂದು ಕಿಮ್-ಚೂ ಸಿಡುಕಿದಳು.

ಬೋ-ಯೆನ್ ಕೂತ. ಆಮೇಲೆ ಮೆಲ್ಲಗೆ ಎಲ್ಲರ ಕಣ್ಣೂ ಮನೆಯ ಇನ್ನೊಂದು ಹೊಟ್ಟೆಯ ಕಡೆ ತಿರುಗಿದವು.

"ನಾನೇ ಅತ್ತೆ," ಎಂದಳು ಸು-ಯುವೆ. "ಕಾಯ್-ಚೆಂಗ್ ನೋಡಿದ. ಯಾರಿಗೂ ಹೇಳ್ಬೇಡ ಅಂದಿದ್ದೆ. ಮನೆಯಿಂದ ಹೊರಗೆ ಹಾಕ್ತೀರ ಅಂತ ಗೊತ್ತಿದ್ರೆ ಡಾಕ್ಟರ ಹತ್ರ ಹೋಗ್ತಾನೇ ಇರ್ಲಿಲ್ಲ."

ಕಿಮ್-ಚೂ ಬಿಳಿಚಿಕೊಂಡಳು. "ನಿನ್ನ ಕೈಯಾರೆ? ಹೊಟ್ಟೇಲಿರೋ ಕೂಸಿಗೆ ನೀನೇ?"

"ಪಂಚಾಂಗ ನೋಡಿಯೇ ಮೆಷಿನ್ ಮುಟ್ಟಿದ್ದು ಅತ್ತೆ. ಗರ್ಭದೇವರು ಇವತ್ತು, ನಾಳೆ ಎರಡೂ ದಿನ ಮನೆ ಹೊರಗೆ, ನೈಋತ್ಯಕ್ಕಿದ್ದಾನೆ. ಒಳಗೆ ಏನು ಕೊರೆದ್ರೂ ದೋಷ ಇಲ್ಲ."

ಬೋ-ಯೆನ್ ಎದ್ದು ಗೋಡೆಯ ಪಂಚಾಂಗ ನೋಡಿದ. ಇತ್ತು, ಅಚ್ಚಾಗಿಯೇ ಇತ್ತು. ಬೆಳಿಗ್ಗೆಯೇ ಕಿಮ್-ಚೂ ಒಮ್ಮೆ ತಲೆ ಎತ್ತಿ ನೋಡಿದ್ದರೆ ತನ್ನ ಗಂಜಿ ಉಳಿಯುತ್ತಿತ್ತು ಎಂದು ಅವನಿಗೆ ಕೆಂಡದಂಥ ಸಿಟ್ಟು ಬಂತು.

"ಯಾಕೆ ಕೊರೆದಳು ಅಂತ ಕೇಳಲ್ವಾ?" ಎಂದ ಲೀ-ಹ್ವಾ, ಮಾಸಿದ ಪಟ್ಟೆಯತ್ತ ಕೈ ತೋರಿದಳು. "ಇದು ನಿನ್ನ ಅಂಗೈ ಗುರುತು ಕಿಮ್-ಚೂ. ಮಂಡಿ ನೋವಿಗೆ ಗೋಡೆ ಹಿಡ್ಕೊಂಡು ಹತ್ತುತೀಯ. ಅದಕ್ಕೇ ತೂತು ಕಣ್ಣಿಗಲ್ಲ, ಕೈಗೆ ಸಿಕ್ಕಿದ್ದು. ತಾರಸಿಯ ಬಿದಿರುಗಳ ಮಧ್ಯೆ ನುಣುಪಾದ ಮರದ ಕಂಬಿ ಒಂದಿದೆ. ಹಿಡ್ಕೊಂಡು ಹತ್ತೋಕೆ ಗೋಡೆಗೆ ಕೂರಿಸೋದು. ಸ್ನಾನದಮನೆ ಅಂಗಡೀಲಿ ಇಂಥ ಕಂಬಿ ಕೂರಿಸೋದನ್ನ ಸು-ಯುವೆ ದಿನಾ ನೋಡ್ತಾಳೆ. ಇನ್ನೊಂದು ಜೋಡಿ ತೂತು ಮೇಲುಗಡೆ ಬಾಕಿ ಇತ್ತು, ಅಷ್ಟರಲ್ಲಿ ನಿಮ್ಮ ಸ್ಕೂಟರ್ ಬಂತು."

"ಹೋದ ವಾರ ನೀವು ಮೆಟ್ಟಿಲ ಮೇಲೆ ಜಾರಿದ್ದು ನಾನು ನೋಡಿದೆ," ಎಂದಳು ಸೊಸೆ. "ಕೇಳಿದ್ರೆ ಇಲ್ಲ ಅಂತೀರಿ. ನಾಳೆ ಕೂಸನ್ನ ಎತ್ಕೊಂಡು ಇದೇ ಮೆಟ್ಟಿಲು ಹತ್ತೋರು ನೀವು. ನನಗೆ ಭಯ ಆಗತ್ತೆ ಅತ್ತೆ. ಕೂಸಿಗೇನಾಗತ್ತೋ ಅಂತಲ್ಲ, ನಿಮಗೇನಾಗತ್ತೋ ಅಂತ."

ಕಿಮ್-ಚೂ ಎದ್ದು ಆ ಪಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದಳು. ಆಮೇಲೆ ಸೊಸೆಯತ್ತ ಕೈ ಚಾಚಿದಳು.

"ಮೆಷಿನ್ ಕೊಡು. ಬಾಕಿ ಎರಡು ತೂತು ನಾನೇ ಕೊರೀತೀನಿ. ನನ್ನ ಹೊಟ್ಟೇಲಿ ಯಾವ ದೇವರೂ ಇಲ್ಲ. ಎಲ್ಲಿ ಒತ್ತಬೇಕು ಅಂತ ನೀನು ದೂರ ಕೂತು ಹೇಳು."

ಮೆಷಿನ್ ಎತ್ತಿಕೊಂಡು ಮೇಲಿನ ಮೆಟ್ಟಿಲು ಹತ್ತುವಾಗ ಮಂಡಿ ನೋವಿಗೆ ಅವಳು ಮತ್ತೆ ಗೋಡೆ ಹಿಡಿದಳು. ಆಗ ಕಿರಿಮಗನತ್ತ ತಿರುಗಿ ನೋಡಿದಳು. ಕಣ್ಣು ತುಂಬಿತ್ತು.

"ತಪ್ಪಾಯ್ತು ಕಣೋ," ಎಂದಳು. "ಬಾ, ಹಿಂದೆ ನಿಂತ್ಕೊಂಡು ನನ್ನ ಗಟ್ಟಿಯಾಗಿ ಹಿಡ್ಕೋ. ಬೀಳ್ತೀನೇನೋ ಅಂತ ಭಯ ನನಗೂ ಇದೆ."