ಆಲ್ಟ್ ಮತ್ತು ಎಫ್ ನಾಲ್ಕು

೨೦೧೯ರ ಮಾರ್ಚ್ ೧೪, ಮಧ್ಯಾಹ್ನ ೧೨.೫೫. ತೀರಿಹೋದ ನಮ್ಮ ಮೇಷ್ಟ್ರ ಕೊನೆಯ ಪ್ರಯೋಗವನ್ನು ನಾನು ಮುಂದುವರಿಸುತ್ತಿದ್ದೆ. ಉಳಿದಿದ್ದ ಮಾದರಿ ಒಂದೇ. ಅದರ ಶಾಖ ಕಾಯುತ್ತಿದ್ದ ಕಂಪ್ಯೂಟರ್ ಸಂಜೆಯೊಳಗೆ ನಿಂತರೆ ಅದು ಹಾಳಾಗುತ್ತಿತ್ತು. ಯಾರೂ ಅಪ್ಪಿತಪ್ಪಿ ಒತ್ತದಿರಲೆಂದು ಕೀಬೋರ್ಡಿನ ತಂತಿಯನ್ನೇ ಕಿತ್ತಿಟ್ಟಿದ್ದೆ.

ಮೇಷ್ಟ್ರು ಮೌಸ್ ಮುಟ್ಟಿದವರಲ್ಲ. ದಿನವೂ ಒಂದು ಗಂಟೆಗೆ ಆಲ್ಟ್ ಮತ್ತು ಎಫ್ ನಾಲ್ಕು ಒಟ್ಟಿಗೆ ಒತ್ತಿ, ಎಂಟರ್ ಕುಟ್ಟಿ, ಕಂಪ್ಯೂಟರ್ ಆರಿಸಿಯೇ ಊಟಕ್ಕೆ ಏಳುತ್ತಿದ್ದರು.

ಒಂದಕ್ಕೆ ಸರಿಯಾಗಿ ಕೀಲಿಗಳು ಟಕ್ಕೆಂದವು. ಪರದೆ ಕಪ್ಪಾಯಿತು.

“ಊಟದ ಹೊತ್ತು ಮೀರೋಕೆ ಮೇಷ್ಟ್ರು ಬಿಡ್ತಾರಾ?” ಎಂದು ನೆಲ ಒರೆಸುತ್ತಿದ್ದ ಅಕ್ಕ ನಕ್ಕರು.

ನಾನು ತಂತಿಯ ತುದಿ ಎತ್ತಿ ತೋರಿಸಿದೆ.

“ಅಯ್ಯೋ, ಮತ್ತೆ ಆರಿಸಿದ್ದು ಯಾರು ಸಾರ್?”

ಮಾದರಿ ಉಳಿಯಲಿಲ್ಲ. ಥರ್ಮಾಮೀಟರನ್ನು ಒಂದೊಂದು ಕೀಲಿಗೂ ತಾಗಿಸಿ ನೋಡಿದೆ. ಉಳಿದವೆಲ್ಲ ಇಪ್ಪತ್ತೆರಡು ಡಿಗ್ರಿ. ಆ ಮೂರು ಮಾತ್ರ ಮೂವತ್ತಾರು ಪಾಯಿಂಟ್ ಎಂಟು, ಬದುಕಿರುವವರ ಮೈಬಿಸಿ.