ಧರ್ಮಾಧಿಕಾರಿಯ ಲಕ್ಷಣಪತ್ರ

ವಿಜಯಾದ್ರಿಪುರದ ರಾಜಬೀದಿಯಲ್ಲಿ ಆ ದಿನ ಬೆಳಗಿನಿಂದಲೇ ಮಂಗಳವಾದ್ಯ. ಮಾಳಿಗೆ ಮಾಳಿಗೆಯಿಂದಲೂ ಹೂಮಳೆ. ಪಟ್ಟದಾನೆಗೆ ಜರತಾರಿಯ ಹೊದಿಕೆ. ಪೂರ್ಣಬೋಧ ಯತಿಗಳು ಬ್ರಹ್ಮಜ್ಞಾನಿಗಳೆಂದು ಸಭೆಯಲ್ಲಿ ಸಾರಿದೊಡನೆ ಅವರು ರಾಜಗುರುಗಳಾಗುವವರಿದ್ದರು. ಊರಿಗೆ ಊರೇ ಹಿಗ್ಗುತ್ತಿದ್ದಾಗ ಧರ್ಮಾಧಿಕಾರಿ ನಾಕಿಮಯ್ಯನೊಬ್ಬನಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಯತಿಗಳನ್ನು ಕರೆತಂದವನು ದಂಡನಾಯಕ ಬೀಚರಸ. ಗುರುಪೀಠವೇರಿದ ದಿನವೇ ಅವರು ತರುಣ ಮಹಾರಾಜ ಕೀರ್ತಿದೇವನಿಗೆ ಸಂನ್ಯಾಸವನ್ನು ಬೋಧಿಸುವರು, ರಾಜ್ಯ ಬೀಚರಸನ ಮಡಿಲಿಗೆ ಬೀಳುವುದು ಎಂಬುದು ನಾಕಿಮಯ್ಯನ ಶಂಕೆ. ಸಾಕ್ಷ್ಯ ಮಾತ್ರ ಎಳ್ಳಷ್ಟೂ ಇರಲಿಲ್ಲ. ಪದ್ಧತಿಯಂತೆ ಅವನು ಮೂರು ದಿನ ಯತಿಗಳನ್ನು ಪರೀಕ್ಷಿಸಿದ್ದ. ಹಾಡಿ ಹೊಗಳಿಸಿದ, ಬಾಯಿಗೆ ಬಂದಂತೆ ಬೈಯಿಸಿದ, ಮೃಷ್ಟಾನ್ನವಿಕ್ಕಿ ಮರುದಿನ ಉಪವಾಸ ಕೆಡವಿದ. ಪುಣ್ಯಾತ್ಮರ ಹುಬ್ಬು ಸಹ ಅಲುಗಲಿಲ್ಲ! ಶಾಸ್ತ್ರ ಹೇಳಿದ ಲಕ್ಷಣಗಳೆಲ್ಲ ಅಕ್ಷರಶಃ ಕೂಡಿಬಂದಿದ್ದವು. ಇನ್ನು 'ಇವರು ಜ್ಞಾನಿಗಳು' ಎಂಬ ಲಕ್ಷಣಪತ್ರಕ್ಕೆ ಮುದ್ರೆಯೊತ್ತಬೇಕು. ದೋಷ ತೋರಿಸದೆ ನಿರಾಕರಿಸಿದರೆ ಉಟ್ಟ ಬಟ್ಟೆಯಲ್ಲೇ ಗಡಿ ದಾಟಬೇಕು. ಅರವತ್ತರ ವಯಸ್ಸಿನಲ್ಲಿ ಎಲ್ಲಿಗೆ ಹೋಗುವುದು?

ಸಭೆ ನೆರೆಯಿತು.

"ತಡವೇಕೆ, ಧರ್ಮಾಧಿಕಾರಿಗಳೇ? ದೋಷವೇನಾದರೂ ಕಂಡಿತೇ?" ಎಂದು ಬೀಚರಸ ಮೀಸೆಯಡಿಯಲ್ಲೇ ನಕ್ಕ.

"ಕಂಡಿತು, ದಂಡನಾಯಕರೇ. ಯತಿಗಳಲ್ಲಲ್ಲ, ನನ್ನಲ್ಲಿ." ನಾಕಿಮಯ್ಯ ಅರಸನತ್ತ ತಿರುಗಿ ಕೈಮುಗಿದ. "ಪ್ರಭು, ಆ ಲಕ್ಷಣಗಳನ್ನು ಋಷಿಗಳು ಹೇಳಿದ್ದು ಸಾಧಕನು ತನ್ನನ್ನು ತಾನು ತಿದ್ದಿಕೊಳ್ಳಲೆಂದು. ನಾನು ಅವನ್ನು ಹಿಡಿದು ಮತ್ತೊಬ್ಬರನ್ನು ಅಳೆಯಹೊರಟೆ. ಮೈ ನಿಶ್ಚಲವಾಗಿದ್ದುದನ್ನು ಕಂಡೆ, ಮನಸ್ಸನ್ನು ಕಾಣಲಿಲ್ಲ. ಜ್ಞಾನಿಯನ್ನು ಗುರುತಿಸಲು ಜ್ಞಾನಿಯ ಕಣ್ಣೇ ಬೇಕು. ನಾನಿನ್ನೂ ಕೋಪತಾಪಗಳಲ್ಲಿ ಬೇಯುವವನು. ಕಾಣದ್ದನ್ನು ಕಂಡೆನೆಂದು ಮುದ್ರೆಯೊತ್ತಲಾರೆ. ಗಡಿ ದಾಟುತ್ತೇನೆ, ಅಪ್ಪಣೆಯಾಗಲಿ."

ಶಾಲು, ಕಡಗಗಳನ್ನು ತೆಗೆದಿಟ್ಟು ಅವನು ಮೆಟ್ಟಿಲಿಳಿದ. ಅವನಿಗೆ ನಿಜಕ್ಕೂ ಭಯವಾಗಿತ್ತು; ಅದನ್ನು ಮುಚ್ಚಿಡುವ ಗೋಜಿಗೂ ಅವನು ಹೋಗಲಿಲ್ಲ.

"ನಿಲ್ಲಿ, ಅಯ್ಯಾ!"

ಮೂರು ದಿನ ಅಲುಗದಿದ್ದ ಯತಿ ಪೀಠದಿಂದೆದ್ದು ಓಡಿಬಂದು ನಾಕಿಮಯ್ಯನ ಕಾಲಿಗೆ ಬಿದ್ದ; ಬಿದ್ದಲ್ಲಿಂದಲೇ ಅರಸನತ್ತ ತಿರುಗಿ ನುಡಿದ: "ಹನ್ನೆರಡು ವರ್ಷ ದಂಡನಾಯಕರ ಅನ್ನ ತಿಂದು ಕಲ್ಲಿನಂತೆ ಕೂರುವುದನ್ನು ಕಲಿತೆ, ಪ್ರಭು. ತಮ್ಮನ್ನು ಕಾಡಿಗಟ್ಟುವುದೇ ನನಗೊಪ್ಪಿಸಿದ ಕೆಲಸ. ಈ ಹಿರಿಯರು ನನ್ನ ದೆಸೆಯಿಂದ ದೇಶ ಬಿಡುವುದನ್ನು ನೋಡುತ್ತ ಕೂರಲು ನನ್ನಿಂದಾಗದು."

ಬೀಚರಸನ ಕೈ ಖಡ್ಗಕ್ಕೆ ಹೋಗುವ ಮೊದಲೇ ಕಾವಲು ಭಟರು ಅವನನ್ನು ಸುತ್ತುವರಿದರು.

ಅರಸ ಸಿಂಹಾಸನದಿಂದಿಳಿದು ಬಂದು, ಬಿಕ್ಕುತ್ತಿದ್ದ ಯತಿಯ ಮುಂದೆ ನಿಂತ. "ಈಗ ಹೇಳಿ, ಧರ್ಮಾಧಿಕಾರಿಗಳೇ. ಇವರಿಗೆ ಜ್ಞಾನೋದಯವಾಯಿತೇ?"

ನಾಕಿಮಯ್ಯ ಯತಿಯ ತೋಳು ಹಿಡಿದೆತ್ತಿ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡ.

"ಅದು ನನಗೆ ಈಗಲೂ ತಿಳಿಯದು, ಪ್ರಭು. ಇವರು ಸತ್ಯವನ್ನಾಡಿದರು ಎಂಬುದನ್ನಷ್ಟೇ ಬಲ್ಲೆ. ಇವರನ್ನು ದಂಡಿಸುವುದಾದರೆ, ಮೊದಲು ನನ್ನನ್ನು ದಂಡಿಸಿ."