ದನಿ ಬಿಟ್ಟು ಮುಖ ಕದ್ದವರು

ಕೊಲೆಯಿಲ್ಲ, ರಕ್ತವಿಲ್ಲ. ಇದನ್ನು ಪತ್ತೇದಾರಿ ಕಥೆ ಎಂದು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಬಲ್ಲವರು ಹೇಳಿದ್ದರೆ ಚೆನ್ನಾಗಿರುತ್ತಿತ್ತು, ಯಾರೂ ಹೇಳಲಿಲ್ಲ. ಕಳುವಾದದ್ದು ಬರೀ ಮೂರು ನಿಮಿಷ. ಕಳೆದುಕೊಂಡವರಿಗೆ ಮಾತ್ರ ಅದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ.

"ನನ್ನ ಹೆಂಡತಿ ಮುಖ ಕದ್ದಿದ್ದಾರೆ," ಎಂದರು ದರ್ಜಿ.

ಬೆಳಗಿನ ಹತ್ತು ಗಂಟೆ. ಅಂಗಡಿಯಾಕೆ ಆಗಷ್ಟೇ ಬಾಗಿಲು ಎತ್ತಿದ್ದಳು. ಹಳೆಯ ಟೇಪುಗಳನ್ನು ಡಿವಿಡಿಗೆ ಇಳಿಸಿಕೊಡುವುದು ಅವಳ ಕಸುಬು. ಬೀದಿಯವರು ಇಟ್ಟ ಹೆಸರು ಟೇಪಮ್ಮ. ದಿನವಿಡೀ ಅವಳ ಪರದೆಯ ಮೇಲೆ ಯಾರದೋ ಸಂಸಾರ ನಗುತ್ತಿತ್ತು. ಸಂಜೆ ಸ್ವಿಚ್ ಆರಿಸಿ ಹಿಂದಿನ ಕೋಣೆಗೆ ಹೋದರೆ ತಟ್ಟೆ ಒಂದು, ಲೋಟ ಒಂದು.

"ಕೂತ್ಕೊಳ್ಳಿ. ಸಾವಕಾಶವಾಗಿ ಹೇಳಿ."

"ಸಾವಕಾಶ ಅಂತ ಆರು ವರ್ಷ ಕಾದಾಯ್ತು."

ದರ್ಜಿಯ ಬಲಗಣ್ಣಿನ ಮೇಲೆ ತೂತುತೂತಾದ ಪಾರದರ್ಶಕ ಮುಚ್ಚಳ. ಒಂಬತ್ತು ದಿನದ ಹಿಂದೆ ಪೊರೆ ತೆಗೆದಿದ್ದರು. ಆರು ವರ್ಷದ ಹಿಂದೆ, ಕಣ್ಣು ಮಂಜಾಗಿ ಹೊಲಿಗೆ ಅಂಗಡಿ ಮುಚ್ಚಿದ ದಿನ, ಅವರೇ ಕ್ಯಾಮೆರಾ ಹಿಡಿದು ಹೆಂಡತಿಯ ವಿಡಿಯೊ ತೆಗೆದಿದ್ದರು. ಆಕೆ ಎದುರಿಗೆ ಕೂತು ಕೊನೆಯ ಅಂಗಿಗೆ ಗುಂಡಿ ಹಾಕುತ್ತ ಮೂರು ನಿಮಿಷ ಮಾತಾಡಿದ್ದಳು. ಎರಡು ತಿಂಗಳಿಗೆ ಆಸ್ಪತ್ರೆ ಸೇರಿದಳು, ಹೊರಗೆ ಬರಲಿಲ್ಲ. ಟೇಪು ಬೂಷ್ಟು ಹಿಡಿಯುತ್ತಿತ್ತೆಂದು ಡಿವಿಡಿ ಮಾಡಿಸಿದರು. ಅಂದಿನಿಂದ ದಿನಾ ಅದನ್ನು ಕೇಳುತ್ತಿದ್ದರು. ಕಾಣುತ್ತಿರಲಿಲ್ಲ, ಕೇಳುತ್ತಿದ್ದರು, ಅಷ್ಟೆ.

"ಒಂದು ವಾರ ಟಿವಿ ನೋಡ್ಬೇಡಿ ಅಂದಿದ್ರು ಡಾಕ್ಟರು. ನಿನ್ನೆ ಹಾಕಿದೆ. ದನಿ ಅವಳದೇ. ಮುಖದ ಜಾಗದಲ್ಲಿ ಬೆನ್ನು. ಕಿಟಕಿ ಹತ್ರ ನಿಂತು ಬಟ್ಟೆ ಮಡಿಸ್ತಿದ್ದಾಳೆ. ನಾನು ಎದುರಿಗೆ ನಿಂತು ತೆಗೆದಿದ್ದು ತಾಯಿ. ಕಣ್ಣು ಮಂಜಾಗಿತ್ತು, ಬುದ್ಧಿ ಮಂಜಾಗಿರಲಿಲ್ಲ."

"ಬೇರೆ ಪ್ರತಿ?"

"ಇಲ್ಲ. ಟೇಪು ಬೂಷ್ಟಿಗೆ ಹೋಯ್ತು. ನಿಮ್ಮ ಹತ್ರ?"

ವರ್ಷ ಕಳೆದ ಮೇಲೆ ಗಿರಾಕಿಗಳ ಚಿತ್ರ ಅಳಿಸುವುದು ಟೇಪಮ್ಮನ ನಿಯಮ. ಇಲ್ಲವೆಂದು ತಲೆಯಾಡಿಸಿದಳು.

*

ಮೊದಲು ಅವಳು ತನ್ನನ್ನೇ ಶಂಕಿಸಿದಳು. ತಾನೇ ಎಡವಟ್ಟು ಮಾಡಿದ್ದೆನೇ? ಡಿಸ್ಕನ್ನು ಬೆಳಕಿಗೆ ಹಿಡಿದಳು. ನಡುವಿನ ತೂತಿನ ಸುತ್ತ, ಅವಳು ಗಿರಾಕಿಯ ಸಂಖ್ಯೆ ಬರೆಯುವ ಜಾಗದಲ್ಲೇ, ಅದೇ ಸಂಖ್ಯೆ ಇತ್ತು. ಆದರೆ ಆರು ವರ್ಷ ದಿನಾ ಓಡಿದ ಡಿಸ್ಕಿನ ಮೇಲೆ ಒಂದು ಗೀರೂ ಇರಲಿಲ್ಲ.

"ಇದು ನಾನು ಕೊಟ್ಟ ಡಿಸ್ಕಲ್ಲ," ಎಂದಳು. "ಮುಗಿದ ಡಿವಿಡಿಯಲ್ಲಿ ಒಂದು ತುಂಡನ್ನ ಮಾತ್ರ ತಿದ್ದೋಕಾಗಲ್ಲ. ಎಲ್ಲಾನೂ ಕಂಪ್ಯೂಟರಿಗೆ ಇಳಿಸಿ, ತಿದ್ದಿ, ಹೊಸ ಡಿಸ್ಕ್ ಮಾಡ್ಬೇಕು."

"ಹೊಲಿಗೆ ಬಿಚ್ಚಿ ಹೊಸ ಅಂಗಿ ಹೊಲಿದ ಹಾಗೆ."

"ಹೂಂ. ಯಾರೋ ಹೊಸ ಅಂಗಿ ಹೊಲಿದಿದ್ದಾರೆ."

ಕಂಪ್ಯೂಟರಿಗೆ ಹಾಕಿದಳು. ತಯಾರಾದ ದಿನ, ಹೊತ್ತು ಎರಡೂ ಸಿಕ್ಕಿದವು. ಆಪರೇಷನ್ನಿನ ದಿನ, ಮಧ್ಯಾಹ್ನ ಮೂರು ಗಂಟೆ. ಬೆನ್ನಿನ ಚಿತ್ರ ಡಿಸ್ಕಿನ ಕೊನೆಯಲ್ಲೂ ಇತ್ತು. ಅಲ್ಲಿಂದಲೇ ತೆಗೆದು, ನಿಧಾನ ಮಾಡಿ, ಮೂರು ನಿಮಿಷಕ್ಕೆ ಎಳೆದಿದ್ದರು.

"ನಿಮಗೆ ಆ ಜಾಗ ಹೇಗೆ ಸಿಗ್ತಿತ್ತು?"

"ಮುಂದಿನ ಗುಂಡಿ ನಾಲ್ಕು ಸಲ ಒತ್ತಿದರೆ ಅವಳ ಮಾತು ಶುರು."

ಅವಳೂ ನಾಲ್ಕು ಸಲ ಒತ್ತಿದಳು. ಸರಿಯಾಗಿ ಮಾತು ಶುರುವಾಯಿತು. 'ನಿಮ್ಮ ಕೈಗೆ ಕ್ಯಾಮೆರಾ ಕೊಟ್ಟವರಿಗೆ ಬುದ್ಧಿ ಇಲ್ಲ. ತಲೆ ಬಿಟ್ಟು ಸೊಂಟ ತೆಗೀತೀರಿ.' ದರ್ಜಿ ಆ ಬೆನ್ನನ್ನೇ ನೋಡುತ್ತ ನಕ್ಕರು. ಆಮೇಲೆ ನಗು ನಿಂತಿತು.

ಟೇಪಮ್ಮ ಡಿಸ್ಕಿನ ಕಾಗದದ ಲಕೋಟೆಯನ್ನು ತಿರುಗಿಸಿ ನೋಡಿದಳು. ಹರಿದ ಅಂಚಿಗೆ ಬಿಳಿಯ ಅಂಟುಪಟ್ಟಿ ಹಚ್ಚಿತ್ತು. ಪಟ್ಟಿಯ ತುದಿಯನ್ನು ಚೂರು ಒಳಕ್ಕೆ ಮಡಿಸಿದ್ದರು, ಬಿಡಿಸುವಾಗ ಉಗುರಿಗೆ ಸಿಗಲೆಂದು.

"ಇದು ನೀವು ಅಂಟಿಸಿದ್ದಾ?"

"ಅಲ್ಲ. ಎರಡು ವರ್ಷದಿಂದ ಹರಿದೇ ಇತ್ತು."

"ಮನೇಲಿ ಯಾರ್ಯಾರು?"

"ಮಗಳು. ನರ್ಸು. ಮಹಡಿ ಮೇಲೆ ಬಾಡಿಗೆಗೆ ಮದುವೆ ವಿಡಿಯೊದವನು." ದರ್ಜಿಯ ಮುಖ ಗಟ್ಟಿಯಾಯಿತು. "ಅವನೇ ಇರಬೇಕು. ಹೋದ ತಿಂಗಳು ಬಾಡಿಗೆ ಜಗಳದಲ್ಲಿ ಅವನ ನೀರಿನ ನಲ್ಲಿ ನಿಲ್ಲಿಸಿದ್ದೆ."

*

ವಿಡಿಯೊದವನ ಕೋಣೆ ತುಂಬ ತಂತಿ. ಮೂಲೆಯಲ್ಲಿ ಗಾಜಿನ ಡಬ್ಬಿ, ಅದರಲ್ಲಿ ಒಂದೇ ಮೀನು.

"ಬನ್ನಿ ಟೇಪಮ್ಮ. ಪೊಲೀಸು ಕೆಲಸ ಯಾವಾಗಿಂದ?"

"ಇವತ್ತು ಬೆಳಿಗ್ಗೆಯಿಂದ. ಇದು ನೋಡು."

ನೋಡಿದ. ಮೂಗು ಮುರಿದ.

"ಇದು ನನ್ನ ಕೈಕೆಲಸ ಅಂತ ಬಂದ್ರಾ? ಅವಮಾನ. ನೀರೊಳಗೆ ಬಟ್ಟೆ ಮಡಿಸ್ತಿರೋ ಹಾಗಿದೆ. ಕಳ್ಳತನ ಮಾಡಿದ್ರೂ ನಾನು ನೀಟಾಗಿ ಮಾಡ್ತೀನಿ."

"ಆಪರೇಷನ್ ದಿನ ಎಲ್ಲಿದ್ದೆ?"

"ಪರ ಊರಲ್ಲಿ ಮದುವೆ, ಎರಡು ದಿನ. ಚಿತ್ರದಲ್ಲಿ ಹೊತ್ತು ಕಾಣುತ್ತೆ, ಬೇಕಾದ್ರೆ ನೋಡಿ."

"ಬೀಗದ ಕೈ?"

"ಮೀನಿಗೆ ತಿಂಡಿ ಹಾಕಲಿ ಅಂತ ಕೆಳಗೆ ನರ್ಸಕ್ಕನ ಹತ್ರ ಕೊಟ್ಟಿದ್ದೆ."

"ಅಕ್ಕನಿಗೆ ಈ ಕಂಪ್ಯೂಟರ್ ಬರುತ್ತಾ?"

ಅವನು ಮೀನಿನ ಡಬ್ಬಿಯನ್ನು ಸರಿಪಡಿಸಿದ. ಅದು ಸರಿಯಾಗಿಯೇ ಇತ್ತು.

"ಹೋದ ವರ್ಷ ಆಸ್ಪತ್ರೆಗೆ ಕೈ ತೊಳೆಯೋ ವಿಧಾನದ ವಿಡಿಯೊ ಮಾಡಿದ್ರು. ಪಕ್ಕ ಕೂತು ಕಲಿತ್ರು. ಟೇಪಮ್ಮ, ಅವರು ಒಳ್ಳೆಯವರು."

"ಗೊತ್ತು. ಅದೇ ಕಷ್ಟ."

*

ಕೆಳಗೆ, ಮಗಳು ಅಪ್ಪನ ಕಣ್ಣಿಗೆ ಔಷಧಿ ಬಿಟ್ಟು ಮುಚ್ಚಳ ಕೂರಿಸುತ್ತಿದ್ದಳು. ಅಂಟುಪಟ್ಟಿ ಹರಿದಳು, ಹಚ್ಚಿದಳು. ಬೆರಳು ತಾನಾಗಿಯೇ ತುದಿಯನ್ನು ಒಳಕ್ಕೆ ಮಡಿಸಿತು.

ಟೇಪಮ್ಮ ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಮಗಳು ಅದನ್ನು ನೋಡಿದಳು. ತನ್ನ ಬೆರಳನ್ನು ನೋಡಿಕೊಂಡಳು.

"ಯಾರು ಅಂತ ಗೊತ್ತಾಯ್ತಾ?" ದರ್ಜಿ ಕೇಳಿದರು.

ಟೇಪಮ್ಮ ಸುಳ್ಳು ಹೇಳಿ ಎದ್ದು ಹೋಗಬಹುದಿತ್ತು. ಆದರೆ ಮುಖ ಎಲ್ಲಿದೆ ಎಂದು ಗೊತ್ತಿದ್ದವಳು ಈ ಮಗಳೊಬ್ಬಳೇ.

"ದ್ವೇಷ ಇದ್ದವರು ದನಿ ಬಿಡ್ತಿರಲಿಲ್ಲ," ಎಂದಳು. "ಈ ಕಳ್ಳರು ಒಂದು ಮಾತನ್ನೂ ಮುಟ್ಟಿಲ್ಲ. ಹೊರಗಿನವರಾಗಿದ್ರೆ ತುಂಡು ಕತ್ತರಿಸಿ ಬಿಸಾಕ್ತಿದ್ರು, ನಿಮ್ಮ ನಾಲ್ಕು ಸಲದ ಲೆಕ್ಕ ತಪ್ಪುತ್ತಿತ್ತು. ಇವರು ಅಷ್ಟೇ ಉದ್ದ ತುಂಬಿಸಿದ್ದಾರೆ. ನೀವು ಗುಂಡಿ ಒತ್ತೋದನ್ನ ದಿನಾ ನೋಡಿದವರು. ಅವತ್ತು ಮಧ್ಯಾಹ್ನ ಮೇಲಿನ ಮನೆ ಬೀಗದ ಕೈ ಇದ್ದವರು. ಹರಿದ ಲಕೋಟೆ ಕಂಡು ಸುಮ್ಮನಿರೋಕಾಗದೆ ಆಸ್ಪತ್ರೆ ಪಟ್ಟಿ ಹಚ್ಚಿದವರು."

"ಅವತ್ತು ನನ್ನ ಆಸ್ಪತ್ರೇಲಿ ಬಿಟ್ಟು, ಬಟ್ಟೆ ತರ್ತೀನಿ ಅಂತ ಹೋದೋಳು ಸಂಜೆಗೆ ಬಂದೆ," ಎಂದರು ದರ್ಜಿ, ಮೆಲ್ಲಗೆ. "ನೀನಾ, ಮಗಳೇ?"

ಮಗಳು ಗೋಡೆಗೆ ಒರಗಿದಳು.

"ಹೊಸ ಕಣ್ಣಿಗೆ ಸರಿಹೋಗಲಿ ಅಂತ ಟಿವಿ ಬೆಳಕು ಹೊಂದಿಸ್ತಿದ್ದೆ ಅಪ್ಪ. ಆರು ವರ್ಷದಲ್ಲಿ ಮೊದಲ ಸಲ ಅಮ್ಮನ್ನ ಸರಿಯಾಗಿ ನೋಡಿದೆ. ಕಣ್ಣು ಹಳದಿ. ಮುಖವೂ ಹಳದಿ, ಕಾಮಾಲೆ ಬಂದವರ ಹಾಗೆ. ಆಸ್ಪತ್ರೆಗೆ ಸೇರಿಸೋಕೆ ಎರಡು ತಿಂಗಳು ಮುಂಚೆಯೇ. ಆಗಲೇ ಕರ್ಕೊಂಡು ಹೋಗಿದ್ರೆ... ಇದ್ದಕ್ಕಿದ್ದ ಹಾಗೆ ಬಂದ ಕಾಯಿಲೆ ಅಂತ ನೀವು ಸಮಾಧಾನ ಮಾಡ್ಕೊಂಡಿದ್ರಿ. ಆಗ ನಾನು ನರ್ಸಾಗಿ ನಾಲ್ಕು ವರ್ಷ. ದಿನಾ ಅವಳ ಎದುರಿಗೇ ಊಟಕ್ಕೆ ಕೂರ್ತಿದ್ದೆ. ನೀನೇಕೆ ನೋಡಲಿಲ್ಲ ಅಂತ ಕೇಳ್ತೀರೇನೋ ಅಂತ ಹೆದರಿದೆ ಅಪ್ಪ."

"ಹಳೇ ಡಿಸ್ಕು?"

"ಮುರಿಯೋಕೆ ಕೈ ಬರಲಿಲ್ಲ."

ಕೆಲಸದ ಚೀಲದಿಂದ, ಮಡಿಸಿದ ಸಮವಸ್ತ್ರದ ನಡುವಿನಿಂದ ತೆಗೆದು ಕೊಟ್ಟಳು.

"ಹಾಕು," ಎಂದರು ದರ್ಜಿ.

*

ನಾಲ್ಕು ಸಲ ಗುಂಡಿ. ಮುಖ ಬಂತು. ಅಗಲ ಹಣೆ, ಹಲ್ಲಲ್ಲಿ ಕಚ್ಚಿದ ದಾರ, ತೊಡೆಯ ಮೇಲೆ ಅಂಗಿ. ದರ್ಜಿ ಟಿವಿಗೆ ಒಂದು ಗೇಣಿನಷ್ಟು ಹತ್ತಿರ ಹೋಗಿ ಕೂತರು. ಮೂರು ನಿಮಿಷ ಯಾರೂ ಅಲ್ಲಾಡಲಿಲ್ಲ. ಮಗಳು ಪರದೆ ನೋಡಲಿಲ್ಲ. ಅಪ್ಪನ ಬೆನ್ನು ನೋಡುತ್ತಿದ್ದಳು.

ಹಳದಿ ನಿಜ. ಆದರೆ ಗೋಡೆಯೂ ಹಳದಿ, ಅಂಗಿಯೂ ಹಳದಿ ಎಂದು ಕಂಡದ್ದು ಟೇಪಮ್ಮನ ಕಣ್ಣಿಗೆ. ಬಲ್ಬಿನ ಬೆಳಕಲ್ಲಿ ತೆಗೆದ ಟೇಪುಗಳು ಹಾಗಾಗುವುದುಂಟು.

"ಅವರ ಕೈಲಿರೋ ಅಂಗಿ ಯಾವ ಬಣ್ಣದ್ದು?" ಎಂದು ಕೇಳಿದಳು. "ಬಟ್ಟೆ ಬಿಳಿ ಆಗಿದ್ರೆ ಈ ಹಳದಿ ಬಲ್ಬಿನದು. ಮುಖದ್ದೂ ಬಲ್ಬಿನದೇ ಇರಬಹುದು. ಬಟ್ಟೆಯೇ ಹಳದಿ ಆಗಿದ್ರೆ..."

ದರ್ಜಿ ತಿರುಗಲಿಲ್ಲ. ಹೆಂಡತಿಯ ಮಾತಿನ ಮೊದಲಿಗೆ ಮತ್ತೆ ಗುಂಡಿ ಒತ್ತಿದರು.

"ಬಿಳಿ," ಎಂದರು. "ನಾನೇ ಕತ್ತರಿಸಿದ ಬಟ್ಟೆ. ಅಚ್ಚ ಬಿಳಿ. ಬಾ ಮಗಳೇ, ಇಲ್ಲಿ ಕೂತ್ಕೋ. ನಿಮ್ಮಮ್ಮ ಬೈಯ್ಯೋದು ಕೇಳು."

ಮಗಳು ಹೋಗಿ ಪಕ್ಕದಲ್ಲಿ ಕೂತಳು. ಟೇಪಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ಬಾಗಿಲನ್ನು ಸದ್ದಾಗದಂತೆ ಎಳೆದಳು. ಅಂಗಡಿಗೆ ಹತ್ತು ನಿಮಿಷದ ದಾರಿ. ಅವಳು ಅರ್ಧ ಗಂಟೆ ನಡೆದಳು.

ಕದ್ದವರು ಯಾರು, ಹೇಗೆ, ಏಕೆ ಎಂಬುದಷ್ಟೇ ಇಲ್ಲಿ ಹೇಳಲು ಸಾಧ್ಯವಾದದ್ದು. ಆ ಅಂಗಿ ನಿಜಕ್ಕೂ ಬಿಳಿಯೋ ಅಲ್ಲವೋ ಗೊತ್ತಿಲ್ಲ. ಪೊರೆ ಕವಿದ ಕಣ್ಣಿಗೆ ಬಿಳಿಯೂ ಹಳದಿಯೂ ಒಂದೇ ಥರ ಕಾಣುತ್ತದೆ ಎನ್ನುತ್ತಾರೆ. ಆ ದಿನ ದರ್ಜಿಯ ಕಣ್ಣಿಗೆ ಪೊರೆ ಕವಿದಿತ್ತು. ಮಗಳಿಗೂ ಇದು ಗೊತ್ತಿರಬೇಕು, ಅವಳು ನರ್ಸು. ಆಕೆ ಕೇಳಲಿಲ್ಲ. ಟೇಪಮ್ಮನೂ ಕೇಳಲಿಲ್ಲ.